ಬೋರೆಹಣ್ಣು ಎರೆಯುವಾಗ
ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಮಗುವಿನ ಮೊದಲ ಸಂಕ್ರಾಂತಿ ಹೊಸದೆನಿಸುವುದಿಲ್ಲ. ಅಲ್ಲಿನ ಬೋರ್‌ನ್ಹಾಣ, ಅಂದರೆ ಬೋರೆಹಣ್ಣಿನ ಸ್ನಾನ, ನಮ್ಮ ಕಡೆ ಎಲಚಿಹಣ್ಣು (ಬೋರೆಹಣ್ಣು) ಎರೆಯುವ ಶಾಸ್ತ್ರಕ್ಕೆ ತೀರ ಹತ್ತಿರ. ಮಗುವಿಗೆ ಕಪ್ಪು ಬಟ್ಟೆ ತೊಡಿಸಿ, ಸಕ್ಕರೆಪಾಕ ಸುತ್ತಿದ ಹಲ್ವಾ ಕಾಳಿನ ಕಿರೀಟ, ಹಾರ, ಕಡಗ ಹಾಕಿ ಮಣೆಯ ಮೇಲೆ ಕೂರಿಸುತ್ತಾರೆ. ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ಚೂರು, ಚುರುಮುರಿ ಸುರಿದರೆ ಓಣಿಯ ಮಕ್ಕಳೆಲ್ಲ ಬಾಚಿಕೊಳ್ಳಲು ಮುಗಿಬೀಳುತ್ತಾರೆ. ಎಷ್ಟು ಚಂದದ ಆಚರಣೆ! ಆದರೆ ಎಂಟು ತಿಂಗಳ ಕೂಸು ಸಿಕ್ಕಿದ್ದೆಲ್ಲ ಬಾಯಿಗಿಡುತ್ತದೆ. ಜೊಲ್ಲಿಗೆ ನೆನೆದ ಹಾರದಿಂದ ಕಾಳೊಂದು ಕಳಚಿ ಬೆರಳಿಗಂಟುತ್ತದೆ, ಮರುಕ್ಷಣ ಅದು ನಾಲಿಗೆಯ ಮೇಲೆ. ಶ್ವಾಸನಾಳ ಕಟ್ಟಲು ಒಂದು ಬೋರೆಬೀಜ ಸಾಕು. ಅದೇ ಹಂಗಾಮಿನಲ್ಲಿ ನಾಸಿಕ್‌ನ ದ್ರಾಕ್ಷಿಯೂ ಮನೆಗೆ ಬರುತ್ತದೆ. 6 ತಿಂಗಳು ತುಂಬಿ ಊಟ ಶುರುವಾದ ಮಗುವಿಗೂ ಇಡೀ ದ್ರಾಕ್ಷಿ ಕೊಡಬಾರದು, ಉದ್ದಕ್ಕೆ ನಾಲ್ಕಾಗಿ ಸೀಳಬೇಕು. ಶಾಸ್ತ್ರ ಬಿಡಿ ಎಂದು ನಾನು ಹೇಳುವುದಿಲ್ಲ. ಕೂಸಿನ ಮೇಲೆ ಹೂವಿನ ಎಸಳು ಸುರಿಯಿರಿ, ಹಣ್ಣನ್ನು ದೊಡ್ಡ ಮಕ್ಕಳ ಕೈಗೇ ಹಂಚಿ, ಫೋಟೊ ಮುಗಿದ ಕೂಡಲೇ ಹಾರ ಬಿಚ್ಚಿ, ಮಗುವನ್ನು ನೆಲಕ್ಕೆ ಬಿಡುವ ಮುನ್ನ ಚಾಪೆ ಎತ್ತಿ ಗುಡಿಸಿ.