ಮಧ್ಯಮ ಬಹೂಪಯೋಗಿ ಯುದ್ಧವಿಮಾನ ಖರೀದಿ ವಿವಾದ

ಮಧ್ಯಮ ಬಹೂಪಯೋಗಿ ಯುದ್ಧವಿಮಾನ ಖರೀದಿ (ಎಂಎಂಆರ್‌ಸಿಎ) ಎಂಬುದು ಭಾರತೀಯ ವಾಯುಪಡೆಗೆ 126 ಯುದ್ಧವಿಮಾನಗಳನ್ನು ಪಡೆಯಲು 2007ರಲ್ಲಿ ಕರೆಯಲಾದ ಅಂತರರಾಷ್ಟ್ರೀಯ ಟೆಂಡರ್ ಆಗಿದೆ. ಫ್ರಾನ್ಸಿನ ಡಸಾಲ್ಟ್ ಕಂಪನಿಯ ರಫೇಲ್ ವಿಮಾನವು 2012ರಲ್ಲಿ ಅತಿ ಕಡಿಮೆ ಬೆಲೆಯ ಬಿಡ್ ಎಂದು ಘೋಷಿತವಾದರೂ ಒಪ್ಪಂದಕ್ಕೆ ಸಹಿ ಬೀಳಲಿಲ್ಲ. 2015ರಲ್ಲಿ ಟೆಂಡರನ್ನು ಹಿಂತೆಗೆದುಕೊಂಡ ಕೇಂದ್ರ ಸರ್ಕಾರವು ಮರುವರ್ಷ 36 ರಫೇಲ್ ವಿಮಾನಗಳನ್ನು ಫ್ರಾನ್ಸ್ ಸರ್ಕಾರದೊಂದಿಗಿನ ಒಪ್ಪಂದದ ಮೂಲಕ ಖರೀದಿಸಿತು. ಸ್ಪರ್ಧೆಯಲ್ಲಿ ಗೆದ್ದವರು ಯಾರೆಂಬುದು ತೀರ್ಮಾನವಾದರೂ, ಭಾರತದಲ್ಲಿ ತಯಾರಾಗುವ ವಿಮಾನಗಳ ಹೊಣೆ ಯಾರದೆಂಬುದು ಇತ್ಯರ್ಥವಾಗದೆ ಉಳಿದುದು ಈ ಖರೀದಿ ಮುರಿದುಬೀಳಲು ಪ್ರಮುಖ ಕಾರಣಗಳಲ್ಲೊಂದು.

ಹಿನ್ನೆಲೆ

ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 42. ಹಳೆಯ ಮಿಗ್ ವಿಮಾನಗಳು ಸೇವೆಯಿಂದ ಹೊರಬೀಳುತ್ತಿದ್ದುದರಿಂದ ಈ ಸಂಖ್ಯೆಯನ್ನು ಉಳಿಸಿಕೊಳ್ಳುವುದು ಕಷ್ಟವಾಗಿತ್ತು. 2007ರ ಆಗಸ್ಟ್‌ನಲ್ಲಿ ಹೊರಡಿಸಿದ ಟೆಂಡರಿನ ಅಂದಾಜು ಮೊತ್ತ ಸುಮಾರು 42,000 ಕೋಟಿ ರೂಪಾಯಿ. 18 ವಿಮಾನಗಳು ಹಾರಾಟಕ್ಕೆ ಸಿದ್ಧ ಸ್ಥಿತಿಯಲ್ಲಿ ಬರಬೇಕು, ಉಳಿದ 108 ವಿಮಾನಗಳನ್ನು ತಂತ್ರಜ್ಞಾನ ವರ್ಗಾವಣೆಯ ಮೂಲಕ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ತಯಾರಿಸಬೇಕು ಎಂಬುದು ಅದರ ಷರತ್ತು.

ಸ್ಪರ್ಧೆ ಮತ್ತು ಆಯ್ಕೆ

ಅಮೆರಿಕದ ಎಫ್-16 ಮತ್ತು ಎಫ್/ಎ-18, ರಷ್ಯಾದ ಮಿಗ್-35, ಸ್ವೀಡನ್ನಿನ ಗ್ರಿಪೆನ್, ಫ್ರಾನ್ಸಿನ ರಫೇಲ್ ಹಾಗೂ ಯುರೋಪಿನ ನಾಲ್ಕು ರಾಷ್ಟ್ರಗಳ ಜಂಟಿ ತಯಾರಿಕೆಯಾದ ಯುರೋಫೈಟರ್ ಟೈಫೂನ್ ಸ್ಪರ್ಧೆಯಲ್ಲಿದ್ದವು. ಬೆಂಗಳೂರು, ಜೈಸಲ್ಮೇರ್ ಮತ್ತು ಲೇಹ್‌ಗಳಲ್ಲಿ, ಅಂದರೆ ತೇವ, ಮರುಭೂಮಿ ಹಾಗೂ ಅತಿ ಎತ್ತರದ ವಾತಾವರಣಗಳಲ್ಲಿ, ಅವುಗಳ ಪರೀಕ್ಷಾರ್ಥ ಹಾರಾಟ ನಡೆಯಿತು. 2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಟೈಫೂನ್ ಮಾತ್ರ ಅಂತಿಮ ಸುತ್ತಿಗೆ ಆಯ್ಕೆಯಾದವು. ತನ್ನ ಎರಡೂ ವಿಮಾನಗಳು ಹೊರಬಿದ್ದುದಕ್ಕೆ ಅಮೆರಿಕ ಬಹಿರಂಗವಾಗಿಯೇ ಅಸಮಾಧಾನ ಸೂಚಿಸಿತು. 2012ರ ಜನವರಿ 31ರಂದು ರಫೇಲ್ ಕಡಿಮೆ ಬೆಲೆಯ ಬಿಡ್ ಎಂದು ಪ್ರಕಟವಾಯಿತು.

ಹೊಣೆಗಾರಿಕೆಯ ತಕರಾರು

ಮುಂದಿನ ಮೂರು ವರ್ಷಗಳ ಮಾತುಕತೆ ಮುಖ್ಯವಾಗಿ ಎರಡು ವಿಷಯಗಳಲ್ಲಿ ಸಿಲುಕಿಕೊಂಡಿತು. ಎಚ್‌ಎಎಲ್ ತಯಾರಿಸುವ 108 ವಿಮಾನಗಳ ಗುಣಮಟ್ಟ ಮತ್ತು ಪೂರೈಕೆಗೂ ಡಸಾಲ್ಟ್ ಪೂರ್ಣ ಖಾತರಿ ನೀಡಬೇಕೆಂಬುದು ಮೊದಲನೆಯದು. ತನ್ನ ನಿಯಂತ್ರಣದಲ್ಲಿಲ್ಲದ ಕಾರ್ಖಾನೆಯ ಕೆಲಸಕ್ಕೆ ಅಂತಹ ಹೊಣೆ ಹೊರಲು ಕಂಪನಿ ಒಪ್ಪಲಿಲ್ಲ. ವಿಮಾನವೊಂದಕ್ಕೆ ತಗಲುವ ದುಡಿಮೆಯ ಗಂಟೆಗಳ ಲೆಕ್ಕ ಎರಡನೆಯದು. ಫ್ರಾನ್ಸಿನಲ್ಲಿ ಬೇಕಾಗುವುದಕ್ಕಿಂತ 2.7 ಪಟ್ಟು ಹೆಚ್ಚು ಗಂಟೆಗಳು ಎಚ್‌ಎಎಲ್‌ನಲ್ಲಿ ಬೇಕಾಗುತ್ತವೆ ಎಂದು ಸರ್ಕಾರ 2018ರಲ್ಲಿ ತಿಳಿಸಿತು. ದುಡಿಮೆಯ ಗಂಟೆ ಹೆಚ್ಚಿದರೆ ವಿಮಾನದ ಬೆಲೆಯೂ ಹೆಚ್ಚುತ್ತದೆ. ಹೀಗಾಗಿ, ಬೆಲೆಯ ಆಧಾರದಲ್ಲಿ ಆದ ಆಯ್ಕೆಯ ನಂತರವೂ ಒಟ್ಟು ಬೆಲೆ ನಿಶ್ಚಿತವಾಗಿರಲಿಲ್ಲ.

36 ವಿಮಾನಗಳ ಒಪ್ಪಂದ

ಪ್ರಧಾನಿ ನರೇಂದ್ರ ಮೋದಿ 2015ರ ಏಪ್ರಿಲ್ 10ರಂದು ಪ್ಯಾರಿಸ್‌ನಲ್ಲಿ 36 ರಫೇಲ್ ಖರೀದಿಯನ್ನು ಘೋಷಿಸಿದರು. ಅದೇ ಜೂನ್‌ನಲ್ಲಿ ಹಳೆಯ ಟೆಂಡರನ್ನು ಹಿಂತೆಗೆದುಕೊಳ್ಳಲಾಯಿತು. 2016ರ ಸೆಪ್ಟೆಂಬರ್ 23ರಂದು 787 ಕೋಟಿ ಯೂರೊ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಲಾಯಿತು. ಎಲ್ಲ ವಿಮಾನಗಳೂ ಫ್ರಾನ್ಸಿನಲ್ಲಿಯೇ ತಯಾರಾಗಬೇಕಿದ್ದುದರಿಂದ ಎಚ್‌ಎಎಲ್‌ನ ಪಾತ್ರ ಕೊನೆಗೊಂಡಿತು.

ಹೊಸ ಒಪ್ಪಂದದ ಬೆಲೆ ಹೆಚ್ಚೆಂದೂ, ಆಫ್‌ಸೆಟ್ ಪಾಲುದಾರಿಕೆಯಲ್ಲಿ ಅನಿಲ್ ಅಂಬಾನಿಯವರ ರಿಲಯನ್ಸ್ ಸಮೂಹಕ್ಕೆ ಅನುಕೂಲ ಮಾಡಿಕೊಡಲಾಗಿದೆಯೆಂದೂ ವಿರೋಧ ಪಕ್ಷಗಳು ಆರೋಪಿಸಿದವು. ಪಾಲುದಾರರ ಆಯ್ಕೆಯಲ್ಲಿ ತನ್ನ ಪಾತ್ರವಿಲ್ಲವೆಂದು ಸರ್ಕಾರವೂ, ಆಯ್ಕೆ ತನ್ನದೇ ಎಂದು ಡಸಾಲ್ಟ್ ಸಹ ಹೇಳಿದವು. ಬೆಲೆಯ ಹೋಲಿಕೆ ಸುಲಭವಾಗಿರಲಿಲ್ಲ. ಹಳೆಯ ಪ್ರಸ್ತಾವದಲ್ಲಿ ಪರವಾನಗಿ ತಯಾರಿಕೆ ಸೇರಿತ್ತು. ಹೊಸದರಲ್ಲಿ ಅದಿರಲಿಲ್ಲ, ಆದರೆ ಶಸ್ತ್ರಾಸ್ತ್ರ, ಭಾರತಕ್ಕೆಂದೇ ಮಾಡಿದ ಮಾರ್ಪಾಡು ಮತ್ತು ನಿರ್ವಹಣೆಯ ವೆಚ್ಚಗಳು ಸೇರಿದ್ದವು.

ನ್ಯಾಯಾಲಯ ಮತ್ತು ಲೆಕ್ಕ ಪರಿಶೋಧನೆ

ಖರೀದಿಯ ತನಿಖೆ ಕೋರಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರ್ 14ರಂದು ವಜಾಗೊಳಿಸಿತು. ಬೆಲೆಗಳ ಹೋಲಿಕೆ ತನ್ನ ಕೆಲಸವಲ್ಲವೆಂದೂ ಹೇಳಿತು. ಮರುಪರಿಶೀಲನಾ ಅರ್ಜಿಗಳು 2019ರ ನವೆಂಬರ್ 14ರಂದು ತಿರಸ್ಕೃತವಾದವು. 2019ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡಿತವಾದ ಮಹಾಲೇಖಪಾಲರ (ಸಿಎಜಿ) ವರದಿಯು ಹೊಸ ಒಪ್ಪಂದವು ಹಳೆಯ ಪ್ರಸ್ತಾವಕ್ಕೆ ಹೊಂದಿಸಿದ ಬೆಲೆಗಿಂತ ಶೇ. 2.86ರಷ್ಟು ಅಗ್ಗವೆಂದು ತಿಳಿಸಿತು. ಬ್ಯಾಂಕ್ ಖಾತರಿ ಇಲ್ಲದ್ದರಿಂದ ಡಸಾಲ್ಟ್‌ಗಾದ ಉಳಿತಾಯ ಭಾರತಕ್ಕೆ ದೊರೆಯಬೇಕಿತ್ತೆಂದೂ ಅದು ಅಭಿಪ್ರಾಯಪಟ್ಟಿತು. ಆದರೆ ವಾಸ್ತವ ಬೆಲೆಗಳನ್ನು ವರದಿಯಲ್ಲಿ ಮರೆಮಾಡಿದ್ದರಿಂದ ಸಾರ್ವಜನಿಕ ಚರ್ಚೆ ನಿಲ್ಲಲಿಲ್ಲ.

ಪರಿಣಾಮ

ಮೊದಲ ಐದು ರಫೇಲ್‌ಗಳು 2020ರ ಜುಲೈ 29ರಂದು ಅಂಬಾಲಾ ನೆಲೆಗೆ ಬಂದಿಳಿದವು. ಕೊನೆಯದು 2022ರ ಡಿಸೆಂಬರ್‌ನಲ್ಲಿ ಬಂದಿತು. ಏಳು ಸ್ಕ್ವಾಡ್ರನ್‌ಗಳಿಗೆ ಸಾಕಾಗಬೇಕಿದ್ದ ಖರೀದಿಯಿಂದ ಅಂಬಾಲಾ ಮತ್ತು ಹಾಸಿಮಾರಾದಲ್ಲಿ ಎರಡು ಸ್ಕ್ವಾಡ್ರನ್‌ಗಳಷ್ಟೇ ರೂಪುಗೊಂಡವು. ಎಚ್‌ಎಎಲ್‌ಗೆ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಬೇಡಿಕೆ ದೊರೆತರೂ ಅವು ಹಗುರ ವರ್ಗದವು. ಕೊನೆಯ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾದವು. ನೌಕಾಪಡೆಗಾಗಿ 2025ರ ಏಪ್ರಿಲ್‌ನಲ್ಲಿ 26 ರಫೇಲ್ ಕೊಂಡಾಗಲೂ ಸರ್ಕಾರಗಳ ನಡುವಿನ ಒಪ್ಪಂದದ ದಾರಿಯನ್ನೇ ಅನುಸರಿಸಲಾಯಿತು. ಈ ದಾರಿಯಲ್ಲಿ ವಿಮಾನ ಬೇಗ ಕೈಸೇರುತ್ತದೆ. ಆದರೆ ಸ್ಪರ್ಧೆಯಿಂದ ದೊರೆಯುವ ಬೆಲೆಯ ಹೋಲಿಕೆ ಇರುವುದಿಲ್ಲ. ವಿದೇಶಿ ವಿಮಾನವನ್ನು ಭಾರತದಲ್ಲಿ ತಯಾರಿಸುವ ಯಾವುದೇ ಹೊಸ ಟೆಂಡರಿನಲ್ಲಿಯೂ ಖಾತರಿಯ ಹೊಣೆ ಯಾರದೆಂಬುದನ್ನು ಬಿಡ್ ಸಲ್ಲಿಕೆಗೆ ಮುನ್ನವೇ ನಿರ್ಧರಿಸದಿದ್ದರೆ ಇದೇ ತಕರಾರು ಮತ್ತೆ ಎದುರಾಗಬಹುದು.