ಮುಧೋಳ ಮರಿ ಕೇಳೋರಿಗೆ ಒಂದು ಮಾತು, ಉರುಳು ಇಡೋರಿಗೂ ಒಂದು ಮಾತು

ಕೆಂಚನ ಫೋಟೋ ಹಾಕಿದಾಗಿಂದ ದಿನಾ ಯಾರಾದ್ರೂ ಒಬ್ಬರು ಕೇಳ್ತಾನೇ ಇದ್ದೀರಿ. "ಅಣ್ಣ, ಮುಧೋಳ ಮರಿ ಎಲ್ಲಿ ಸಿಗುತ್ತೆ, ಹಂದಿ ಕಾಟ ತಡೆಯೋಕಾಗ್ತಿಲ್ಲ" ಅಂತ. ಒಬ್ಬೊಬ್ಬರಿಗೂ ಬರೆಯೋ ಬದಲು ಇಲ್ಲೇ ಬರೀತೀನಿ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ. ಕೊನೆಗೆ ಬರೆದಿರೋದು ನಾಯಿ ಸಾಕದೋರಿಗೂ ಸೇರಿದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಂದಿ ಓಡಿಸೋಕೆ ಅಂತ ಮುಧೋಳ ತರಬೇಡಿ. ಬಯಲಲ್ಲಿ ಓಡಾಡಿಸೋಕೆ ಜಾಗ ಇದ್ದು, ದಿನಾ ಒಂದು ಗಂಟೆ ಕೊಡೋ ಮನಸ್ಸಿದ್ರೆ ತನ್ನಿ. ಅಂಥ ನಾಯಿ ಇನ್ನೊಂದಿಲ್ಲ. ಇಲ್ಲದಿದ್ರೆ ಬೀದಿಯ ಒಂದು ಬಡಪಾಯಿ ಮರಿ ತಂದು ಸಾಕಿ, ಕಾವಲಿಗೆ ಅದೇ ಮೇಲು.

ನನ್ನ ಮನೆ ಓಕಳಿಪುರಂ, ಹೊಲ ಮಾಗಡಿ ಕಡೆ, ಎರಡೆಕರೆ ಚಿಲ್ಲರೆ. ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಇಲ್ಲಿ. 2020ರ ಆಗಸ್ಟಲ್ಲಿ ಪ್ರಧಾನಿ ಮನ್ ಕೀ ಬಾತಲ್ಲಿ ಮುಧೋಳ ನಾಯಿ ಹೆಸರು ಹೇಳಿದ್ರು, ನೆನಪಿರಬೇಕು. ಆಮೇಲೆ ನೋಡಿ, ಎಲ್ಲರಿಗೂ ಆ ಮರೀನೇ ಬೇಕಾಯ್ತು. ನಮ್ಮ ಗಲ್ಲಿಯ ಒಬ್ಬ ಹುಡುಗ ಆ ದೀಪಾವಳಿಗೆ ಒಂದು ಮರಿ ತಂದ. ಹತ್ತಡಿ ಹನ್ನೆರಡಡಿ ಮನೆ. ಪಕ್ಕದಲ್ಲೇ ರೈಲು ಹಳಿ. ಮರಿ ಆರು ತಿಂಗಳಿಗೇ ಕರು ಥರ ಬೆಳೀತು. ಇಡೀ ದಿನ ಮೆಟ್ಟಿಲ ಕಂಬಕ್ಕೆ ಸರಪಳಿ. ಪ್ರತಿ ರೈಲಿಗೂ ಎಗರೋದು, ಸರಪಳಿ ಕುತ್ತಿಗೆಗೆ ಬಿಗಿಯೋದು. ಕುತ್ತಿಗೆ ಸುತ್ತ ಕೂದಲೇ ಹೋಗಿತ್ತು. ಎದೆಗೂಡು ಎಣಿಸಬಹುದಿತ್ತು. ಈ ಜಾತಿ ಮೊದಲೇ ತೆಳ್ಳಗೆ, ಆದ್ರೆ ಅದು ಹಸಿವಿನ ತೆಳು, ಗೊತ್ತಾಗ್ತಿತ್ತು. ಯುಗಾದಿ ಹೊತ್ತಿಗೆ ಆ ಹುಡುಗನೇ ಬಂದು, "ಮಾಮ, ನೀವಾದ್ರೂ ಹೊಲಕ್ಕೆ ಕರ್ಕೊಂಡೋಗಿ" ಅಂದ. ಅವನ ಮೇಲೆ ಕೋಪ ಇಲ್ಲ. ಅವನು ತಂದಿದ್ದು ರೇಡಿಯೋದಲ್ಲಿ ಕೇಳಿದ ಹೆಸರನ್ನ, ನಾಯಿ ಏನು ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಈ ನಾಯಿ ಏನು ಅಂತ ಸ್ವಲ್ಪ ತಿಳ್ಕೊಳಿ. ಊರು ಬಾಗಲಕೋಟೆ ಜಿಲ್ಲೆ ಮುಧೋಳ. ಅಲ್ಲಿನ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿನ ಉಳಿಸಿ ಬೆಳೆಸಿದ್ರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಕೊಟ್ಟಿದ್ರು. 2005ರಲ್ಲಿ ಅಂಚೆ ಇಲಾಖೆಯವರು ಸ್ಟ್ಯಾಂಪ್ ತಂದ್ರು. ಸೈನ್ಯದವರು 2016ರಲ್ಲಿ ಮೀರತ್‌ಗೆ ಮರಿ ತಗೊಂಡು ಹೋಗಿ ತರಬೇತಿ ಕೊಟ್ರು. ಮುಧೋಳದ ಹತ್ರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮರಿ ಬೇಕೇ ಬೇಕು ಅನ್ನೋರು ಅಲ್ಲಿ ವಿಚಾರಿಸಿ. ಫೋನಲ್ಲಿ ಫೋಟೋ ನೋಡಿ ದುಡ್ಡು ಕಳಿಸಬೇಡಿ.

ಇದು ಕಣ್ಣಲ್ಲಿ ಬೇಟೆ ಆಡೋ ನಾಯಿ. ಮೂಗು ಎರಡನೇದು. ದೂರದಲ್ಲಿ ಏನಾದ್ರೂ ಅಲ್ಲಾಡಿದ್ರೆ ಸಾಕು, ಬಾಣ ಬಿಟ್ಟಂಗೆ ಹೋಗುತ್ತೆ. ಹೋದ ಮೇಲೆ ನೀವು ಕೂಗಿದ್ದು ಕಿವಿಗೆ ಬೀಳಲ್ಲ. ರಾಗಿ ಮೊಣಕಾಲಿಗೆ ಬರೋವರೆಗೂ ಕೆಂಚ ಚೆನ್ನಾಗಿ ಕೆಲಸ ಮಾಡ್ತಾನೆ. ಪೈರು ಎತ್ತರ ಆದ್ಮೇಲೆ ಪಾಪ, ಎಗರೆಗರಿ ನೋಡ್ತಾನೆ. ಕೋತಿ ಬಂದ್ರೆ ಮಾವಿನ ಮರದಿಂದ ಬದುವಿನ ತನಕ ಓಡಿಸ್ತಾನೆ. ನವಿಲು ಎಬ್ಬಿಸ್ತಾನೆ. ಮೆದೆ ಬಿಚ್ಚೋವಾಗ ಹೆಗ್ಗಣ ಒಂದೂ ತಪ್ಪಿಸ್ಕೊಳಲ್ಲ. ಹಸು ಕರು ತಂಟೆಗೆ ಹೋಗಲ್ಲ. ಮೊದಲ ವರ್ಷ ಪಕ್ಕದ ಹೊಲದವರ ಎರಡು ನಾಟಿ ಕೋಳಿ ಹಿಡಿದುಬಿಟ್ಟ, 800 ರೂಪಾಯಿ ಕೊಟ್ಟೆ. ಆಮೇಲೆ ಮೂವತ್ತಡಿ ಹಗ್ಗ ಕಟ್ಟಿ, ಶಿಳ್ಳೆ ಹಾಕಿದಾಗ ಬಂದ್ರೆ ಮೊಟ್ಟೆ ಕೊಟ್ಟು, ನಾಲ್ಕು ತಿಂಗಳು ಕಲಿಸಿದೆ. ಈಗಲೂ ನಾನು ಇಲ್ಲದಾಗ ಬಿಡಲ್ಲ.

ಆದ್ರೆ ಹಂದಿ ಬರೋದು ರಾತ್ರಿ. ಕತ್ತಲಲ್ಲಿ ಕಣ್ಣಿನ ನಾಯಿ ಏನು ಮಾಡುತ್ತೆ? ಬೊಗಳೋದೂ ಕಮ್ಮಿ. ಚರ್ಮ ಕಾಗದದಷ್ಟು ತೆಳು, ಕೋರೆ ಒಂದ್ಸಲ ತಾಗಿದ್ರೆ ಹೊಟ್ಟೆ ಸೀಳಿಹೋಗುತ್ತೆ.

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದ ಒಂದು ಶಾಸನ ಇದೆ. ಮದ್ದೂರು ತಾಲ್ಲೂಕು ಆತಕೂರಿನಿಂದ ತಂದದ್ದು, ಸಾವಿರ ವರ್ಷಕ್ಕಿಂತ ಹಳೇದು. ಯುದ್ಧದಲ್ಲಿ ಗೆದ್ದು ಬಂದ ಮಣಲೇರ ಅನ್ನೋನಿಗೆ ಒಡೆಯ ಏನು ಬೇಕು ಕೇಳು ಅಂದಾಗ, ಕಾಳಿ ಅನ್ನೋ ನಾಯಿ ಕೊಡಿ ಅಂತ ಕೇಳಿದನಂತೆ. ಆ ಕಾಳಿನ ದೊಡ್ಡ ಹಂದಿ ಮೇಲೆ ಬಿಟ್ರು. ನಾಯೀನೂ ಸತ್ತಿತು, ಹಂದೀನೂ ಸತ್ತಿತು. ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ರು. ಕಾಳಿ ಯಾವ ಜಾತಿ ನಾಯಿಯೋ, ಅದು ಬೇರೆ ಮಾತು. ಭೂಮಿಗಿಂತ ಹೆಚ್ಚು ಅಂತ ಕೇಳಿ ಪಡೆದ ನಾಯಿಗೇ ಹಂದಿ ಮುಂದೆ ಹಾಗಾಯ್ತು ಅಂದ್ಮೇಲೆ, ನಮ್ಮ ನಿಮ್ಮ ನಾಯಿ ಗತಿ ಏನು, ಯೋಚನೆ ಮಾಡಿ. ನಾವು ಕಲ್ಲೂ ನೆಡಲ್ಲ.

ಇನ್ನೊಂದು. ರಾತ್ರಿ ಹೊಲದಲ್ಲಿ ನಾಯಿ ಕಟ್ಟಿ ಬರೋರಿದ್ದೀರಿ. ನಮ್ಮ ಕಡೆ ಚಿರತೆ ಓಡಾಡೋದು ಎಲ್ಲರಿಗೂ ಗೊತ್ತು. ಕಟ್ಟಿ ಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಅದರ ರುಚಿ ಹಿಡಿದು ಅದು ಊರೊಳಗೇ ಬರುತ್ತೆ. ಕತ್ತಲಾದ ಮೇಲೆ ನಾಯಿ ಬಾಗಿಲ ಒಳಗಿರಲಿ.

ಮನೆ ವಿಷಯಕ್ಕೆ ಬಂದ್ರೆ, ಕೆಂಚನಷ್ಟು ಮರ್ಯಾದಸ್ಥ ಇನ್ನೊಬ್ಬ ಇಲ್ಲ. ಓಕಳಿಪುರಂನಲ್ಲಿರೋ ದಿನ ಬೆಳಿಗ್ಗೆ ನಾಲ್ಕೂವರೆಗೆ, ಗಾಡಿ ಓಡಾಟ ಶುರುವಾಗೋ ಮುಂಚೆ, ಹಗ್ಗ ಹಿಡಿದು ಒಂದು ಗಂಟೆ ನಡೆಸ್ತೀನಿ. ಆಮೇಲೆ ಗೋಣಿಚೀಲದ ಮೇಲೆ ಮಲಗಿದ್ರೆ ಮಧ್ಯಾಹ್ನದ ತನಕ ಇದಾನೋ ಇಲ್ವೋ ಗೊತ್ತಾಗಲ್ಲ. ಹೊಸಬರು ಮುಟ್ಟೋಕೆ ಬಂದ್ರೆ ಹಿಂದೆ ಸರೀತಾನೆ, ಬಲವಂತ ಮಾಡಬಾರದು. ಮೊಮ್ಮಗಳು ಕಿವಿ ಎಳೆದ್ರೂ ಸುಮ್ಮನೆ ಇರ್ತಾನೆ, ಆದ್ರೂ ಮಗು ಜೊತೆ ಒಂಟಿಯಾಗಿ ಬಿಡಲ್ಲ. ನಮ್ಮಮ್ಮ ಮೊದಮೊದಲು "ಈ ಪೀಡೆ ಯಾಕೆ ತಂದೆ" ಅಂತಿದ್ದೋರು, ಚಳಿಗಾಲದಲ್ಲಿ ತಮ್ಮ ಹಳೇ ಶಾಲು ಹೊದಿಸ್ತಾರೆ. ಮೈಮೇಲೆ ಕೊಬ್ಬಿಲ್ಲ, ಚಳಿ ತಡೆಯಲ್ಲ. ಊಟ ರಾಗಿ ಮುದ್ದೆ, ಮೊಸರು, ದಿನಾ ಎರಡು ಮೊಟ್ಟೆ, ವಾರಕ್ಕೆರಡು ಸಲ ಬೇಯಿಸಿದ ಕೋಳಿ. ಬೆಂದ ಮೂಳೆ, ಈರುಳ್ಳಿ ಹಾಕಬೇಡಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷ ವರ್ಷ ತಪ್ಪಿಸಬೇಡಿ. ಮಳೆಗಾಲದಲ್ಲಿ ಕಿವಿ, ಬೆರಳ ಸಂದಿ ನೋಡಿ ಉಣ್ಣೆ ಕೀಳಿ.

ಈಗ ಕೊನೆ ಮಾತು. ಹೋದ ಕಾರ್ತೀಕ, ರಾಗಿ ತೆನೆ ಬಲಿತಿತ್ತು. ಬೆಳಿಗ್ಗೆ ಏಳು ಗಂಟೆ, ಕೋತಿ ಹಿಂದೆ ಓಡಿದ ಕೆಂಚ ವಾಪಸ್ ಬರಲಿಲ್ಲ. ಶಿಳ್ಳೆ ಹಾಕಿದೆ, ಕೂಗಿದೆ. ಅರ್ಧ ಗಂಟೆ ಹುಡುಕಿದ ಮೇಲೆ ಬೇಲಿ ಸಂದಿಯಲ್ಲಿ ಸಿಕ್ಕಿದ. ಕ್ಲಚ್ ವೈರಿನ ಉರುಳು ಸೊಂಟಕ್ಕೆ ಬಿದ್ದಿತ್ತು. ಎಳೆದಷ್ಟೂ ಬಿಗಿದು ಮಾಂಸದೊಳಗೆ ಹೋಗಿತ್ತು. ಕೂಗ್ತಾನೂ ಇರಲಿಲ್ಲ, ನನ್ನ ಮುಖ ನೋಡ್ತಾ ಮಲಗಿದ್ದ. ಲಗೇಜ್ ಆಟೋದಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಆಸ್ಪತ್ರೆಗೆ ತಂದೆ. ಈ ಜಾತಿ ನಾಯಿಗೆ ಅರಿವಳಿಕೆ ನೋಡಿ ಕೊಡಬೇಕಂತೆ, ಕೊಬ್ಬಿಲ್ಲದ ಮೈಯಲ್ಲಿ ಕೆಲವು ಔಷಧಿ ಇಳಿಯೋದು ತಡ ಆಗುತ್ತೆ. ಸಾಕೋರು ಇದನ್ನ ಡಾಕ್ಟರಿಗೆ ಮೊದಲೇ ನೆನಪಿಸಿ. ಹದಿನೇಳು ಹೊಲಿಗೆ. ಬದುಕಿದ. ಓಟ ಮಾತ್ರ ಮೊದಲಿನಂಗಿಲ್ಲ, ಬಲಗಾಲು ಸ್ವಲ್ಪ ಎಳೀತಾನೆ.

ಆ ಉರುಳು ಯಾರಿಟ್ಟಿದ್ದು ಅಂತ ನನಗೆ ಗೊತ್ತು. ಹೆಸರು ಬರೆಯಲ್ಲ. ಅವರೂ ಇದನ್ನ ಓದ್ತಾರೆ. ಅವತ್ತು ನಾನು ಕೂಗಿದಾಗ ಕಟಿಂಗ್ ಪ್ಲೇಯರ್ ಹಿಡ್ಕೊಂಡು ಓಡಿ ಬಂದು, ಕೈ ನಡುಗ್ತಾ ವೈರ್ ಕತ್ತರಿಸಿದೋರೂ ಅವರೇ. ನಾನೂ ಸಾಚಾ ಅಲ್ಲ. ಹದಿನೈದು ವರ್ಷದ ಹಿಂದೆ ಹಂದಿಗೆ ಅಂತ ನಾನೂ ಉರುಳು ಇಟ್ಟಿದ್ದೆ. ಒಂದು ರಾತ್ರಿಗೆ ಅರ್ಧ ಎಕರೆ ರಾಗಿ ಮಲಗಿಸಿಹೋದ್ರೆ ಹೊಟ್ಟೆ ಉರಿಯುತ್ತೆ, ಒಪ್ತೀನಿ. ಆದ್ರೆ ಉರುಳಿಗೆ ಹಂದಿ ಯಾವುದು, ನಾಯಿ ಯಾವುದು, ಕರು ಯಾವುದು ಗೊತ್ತಾಗಲ್ಲ. ಕರೆಂಟ್ ಬಿಟ್ಟ ತಂತಿಗೆ ಮನುಷ್ಯ ಯಾರು ಅಂತಾನೂ ಗೊತ್ತಾಗಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉರುಳು ಇಡೋದೂ ಬೇಟೆಯೇ, ಮೊಲದ ಮೇಲೆ ನಾಯಿ ಬಿಡೋದೂ ಬೇಟೆಯೇ. "ಭಾನುವಾರ ಕೆಂಚನ್ನ ಕಳ್ಸು, ಮೊಲ ಹಿಡಿಯೋಣ" ಅಂದು ನಾನು ಇಲ್ಲ ಅಂದಿದ್ದಕ್ಕೆ ಮಾತು ಬಿಟ್ಟೋರೂ ಇದ್ದಾರೆ. ಇರಲಿ.

ಹಂದಿಗೆ ನಾನು ಈಗ ಮಾಡ್ತಿರೋದು ಇಷ್ಟೇ. ರಾಗಿ ಬಲಿಯೋ ಇಪ್ಪತ್ತೈದು ದಿನ ಅಕ್ಕಪಕ್ಕದ ನಾಲ್ಕು ಹೊಲದವರು ಪಾಳಿ ಹಾಕ್ಕೊಂಡು ಅಟ್ಟಣೆ ಮೇಲೆ ಕಾಯ್ತೀವಿ. ಟಾರ್ಚು, ತಗಡಿನ ಡಬ್ಬ, ಬೊಗಳೋಕೆ ಅಟ್ಟಣೆ ಮೇಲೆ ನಮ್ಮ ಜೊತೆಗೇ ಒಂದು ನಾಡುನಾಯಿ. ಬೆಳೆ ಹಾಳಾದ್ರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕ್ತೀವಿ. ಪೂರ್ತಿ ನಷ್ಟ ತುಂಬಲ್ಲ, ನಿಜ. ಪಾಳಿಗೆ ಇನ್ನೂ ಎರಡು ಹೊಲದವರು ಸೇರಿದ್ರೆ ಎಲ್ಲರಿಗೂ ವಾರದಲ್ಲಿ ಒಂದೇ ರಾತ್ರಿ ಬೀಳುತ್ತೆ.

ಈ ಬುಧವಾರ ಬೆಳಿಗ್ಗೆ ನಾನು ಹೊಲದಲ್ಲಿರ್ತೀನಿ. ಬೇಲಿ ಸುತ್ತ ಒಂದು ಸಲ ನಡೆದು ಹಳೇ ಉರುಳೆಲ್ಲ ಬಿಚ್ಚೋಣ ಅಂತಿದ್ದೀನಿ. ಯಾರದ್ದು ಅಂತ ಯಾರೂ ಕೇಳಲ್ಲ. ಬರೋರು ಕಟಿಂಗ್ ಪ್ಲೇಯರ್ ತನ್ನಿ. ಟೀ ನಮ್ಮ ಕಡೆಯಿಂದ.