ಬುಟ್ಟಿ ಹೆಣೆದು ಇಡಬೇಕಾ, ಹೇಳಿದ ಮೇಲೆ ಹೆಣೆಯಬೇಕಾ?

ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಬಿದಿರು, ಕಾಡುಬಳ್ಳಿಯಲ್ಲಿ ಬುಟ್ಟಿ ಹೆಣೆಯುವ ಕೊರಗ ಕುಟುಂಬಗಳಿಗೆ ಸಿಗುವ ಬುದ್ಧಿಮಾತು ಒಂದೇ: "ಸಾಲ ತಗೊಳ್ಳಿ, ಒಟ್ಟಿಗೆ ಮಾಡಿ ಸ್ಟಾಕ್ ಇಡಿ, ಉದ್ಯಮಿಗಳಾಗಿ." 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದೂ ಇದೆ. ಅಡಮಾನ ಬೇಡ, ಬಡ್ಡಿ ಶೇ. 5, ಮೊದಲ ಕಂತು 1 ಲಕ್ಷದವರೆಗೆ, 18 ತಿಂಗಳಲ್ಲಿ ತೀರಿಸಬೇಕು. ಸಾಲ ಬೇಡ ಅಂತ ನಾನು ಹೇಳಲ್ಲ. ಆ ಸಾಲದಲ್ಲಿ ಬುಟ್ಟಿ ಹೆಣೆದು ರಾಶಿ ಹಾಕಿ ಅನ್ನೋದಕ್ಕೆ ನನ್ನ ತಕರಾರು.

ನಾವೆಲ್ಲ ಕರಪತ್ರ ಮಾಡಿಸಿದವರು. ನೂರು ಪ್ರತಿ ಮಾಡಿಸಿದ್ರೂ ಸಾವಿರ ಮಾಡಿಸಿದ್ರೂ ಪ್ಲೇಟಿನ ಖರ್ಚು ಒಂದೇ. ಅದಕ್ಕೇ ಪ್ರೆಸ್ಸಿನವರು "ಸಾವಿರ ಹಾಕ್ಸಿ, ಕಡಿಮೆ ಬೀಳ್ತದೆ" ಅನ್ನೋದು. ಅಲ್ಲಿ ಸರಿ. ಆದ್ರೆ ಬುಟ್ಟಿಗೆ ಪ್ಲೇಟ್ ಎಲ್ಲಿದೆ? ಮೊದಲನೇ ಬುಟ್ಟಿಗೆ ಎಷ್ಟು ಹೊತ್ತು ಬೇಕೋ ಮುನ್ನೂರನೇ ಬುಟ್ಟಿಗೂ ಅಷ್ಟೇ ಹೊತ್ತು. ಬೆರಳಿಗೆ ಆಗುವ ಗಾಯವೂ ಅಷ್ಟೇ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಒಬ್ಬರು ದಿನಕ್ಕೆ ಎರಡು ಬುಟ್ಟಿ ಹೆಣೆದರೆ 300 ಬುಟ್ಟಿಗೆ 150 ದಿನ, ಅಂದ್ರೆ ಐದು ತಿಂಗಳು. ಆ ಐದು ತಿಂಗಳು ಮನೆಗೆ ಅಕ್ಕಿ ಎಲ್ಲಿಂದ? ಸಾಲದ ದುಡ್ಡಿನಿಂದ. ಅಷ್ಟರಲ್ಲಿ ಜೂನ್ ಬರ್ತದೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಬುಟ್ಟಿ ರಾಶಿ ಏನಾಗಬೇಕು? ಒಬ್ಬ ಅಕ್ಕ ನನಗೆ ಹೇಳಿದ್ದು: "ಅಣ್ಣಾ, ಹೆಣ್ದ್ ಇಟ್ರೆ ಬೂಸ್ಟ್ ಹಿಡಿತ್ತ್, ಕುಟ್ಟೆ ಹಿಡಿತ್ತ್. ಬ್ಯಾಂಕಿನವ್ರ್ ಬುಟ್ಟಿ ತಕಂತ್ರಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಹಾಗಾದ್ರೆ ಆರ್ಡರ್ ಬಂದ ಮೇಲೇ ಹೆಣೆಯೋದು ಒಳ್ಳೇದಾ? ಹೌದು, ಆದ್ರೆ ಅಲ್ಲೂ ಒಂದು ಗುಂಡಿ ಇದೆ. ಅದೇ ಅಕ್ಕನಿಗೆ ಒಂದು ಮದುವೆ ಮನೆಯವರು ಫೋನಲ್ಲೇ 50 ಬುಟ್ಟಿ ಹೇಳಿದ್ರು. ಮುಂಗಡ ಇಲ್ಲ, ಚೀಟಿ ಇಲ್ಲ. ಕೊನೆಗೆ 30 ತಗೊಂಡು "ಇಷ್ಟೇ ಸಾಕಾಯ್ತು" ಅಂದ್ರು. ಉಳಿದ 20 ಬುಟ್ಟಿ, ಅಂದ್ರೆ ಹತ್ತು ದಿನದ ಕೂಲಿ, ಮನೆ ಜಗಲಿಯಲ್ಲಿ ಕೂತಿತು.

ಈ ರೀತಿಯ 'ಆರ್ಡರ್' ಕೊರಗರಿಗೆ ಹೊಸತಲ್ಲ. ಕರೆದಾಗ ಡೋಲು ಹಿಡಿದು ಬರಬೇಕು, ಕೊಟ್ಟದ್ದು ತಗೊಂಡು ಹೋಗಬೇಕು, ಇದನ್ನೇ ತಲೆಮಾರುಗಟ್ಟಲೆ ಮಾಡಿಸಿದ್ದು. ಅಜಲು ನಿಷೇಧಕ್ಕೆ ಕಾಯ್ದೆ ಬರಲು 2000ನೇ ಇಸವಿ ಆಗಬೇಕಾಯ್ತು. ಮುಂಗಡ ಕೊಡದೆ ಹೇಳಿ, ಬೇಡ ಅನ್ನಿಸಿದಾಗ ಬಿಟ್ಟುಹೋಗುವ ಗಿರಾಕಿಯ ತಲೆಯಲ್ಲಿ ಆ ಹಳೇ ದರ್ಪದ ಚೂರು ಇನ್ನೂ ಇದೆ. ಅದೇ ಗಿರಾಕಿ ಶಾಮಿಯಾನದವರಿಗೆ, ಅಡುಗೆಯವರಿಗೆ ಮುಂಗಡ ಕೊಟ್ಟೇ ಕೊಟ್ಟಿರ್ತಾನೆ.

ಹಾಗಾಗಿ ನನ್ನ ಮಟ್ಟಿಗೆ ಪ್ರಶ್ನೆ 'ಸ್ಟಾಕಾ, ಆರ್ಡರಾ' ಅನ್ನೋದಷ್ಟೇ ಅಲ್ಲ. ಮಾರಾಟ ಆಗದಿದ್ರೆ ನಷ್ಟ ಯಾರ ತಲೆ ಮೇಲೆ? ಎರಡೂ ಕಡೆ ಅದು ಹೆಣೆಯುವವರ ತಲೆ ಮೇಲೇ ಬೀಳೋ ಹಾಗೆ ಮಾಡಿಟ್ಟಿದ್ದೇವೆ.

ನಾನು ಕೊರಗ ಸಮುದಾಯದವನಲ್ಲ, ಅವರ ಪರವಾಗಿ ತೀರ್ಮಾನ ಕೊಡುವ ಹಕ್ಕೂ ನನಗಿಲ್ಲ. ಹೆಣೆಯುವವರ ಜೊತೆ ಕೂತು ಮಾತಾಡಿದಾಗ ತೋಚಿದ್ದು ಇಷ್ಟು:

ಒಂದು, ದೊಡ್ಡ ಆರ್ಡರಿಗೆ ಅರ್ಧ ಮುಂಗಡ. ಬುಟ್ಟಿಗೆ 300 ರೂಪಾಯಿ ಅಂತಿಟ್ಟರೆ 50 ಬುಟ್ಟಿಗೆ 15,000. ಅದರಲ್ಲಿ 7,500 ಮೊದಲೇ ಕೈಗೆ ಬರಬೇಕು. ಎಷ್ಟು, ಯಾವ ಅಳತೆ, ಯಾವ ದಿನ ಅಂತ ಚೀಟಿಯಲ್ಲಿ ಬರೆಯಬೇಕು. ಬರೆದುಕೊಡುವ ಕೆಲಸಕ್ಕೆ ನಮ್ಮಂಥ ಗುಮಾಸ್ತರು ಇದ್ದೇವಲ್ಲ.

ಎರಡು, ದಿನವೂ ಖರ್ಚಾಗುವ ಹೆಡಿಗೆ, ಗೆರಸಿ ಮಾತ್ರ ಹತ್ತು ಹದಿನೈದು ಕೈಯಲ್ಲಿರಲಿ. ಒಂದೂ ಇಲ್ಲದಿದ್ರೆ ಬಂದ ಗಿರಾಕಿ ಪ್ಲಾಸ್ಟಿಕ್ ತಗೊಂಡು ಹೋಗ್ತಾನೆ.

ಮೂರು, ಒಟ್ಟಿಗೆ ಮಾಡಿದರೆ ಉಳಿತಾಯ ಆಗುವುದು ಬಿದಿರು ತರುವ ಬಾಡಿಗೆಯಲ್ಲಿ. ನಾಲ್ಕೈದು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ತರಬಹುದು. ಸಾಲ ತಗೊಳ್ಳುವುದಾದ್ರೆ ಅದಕ್ಕೆ, ಅದೂ ಸಣ್ಣದು.

ಇದಕ್ಕೆಲ್ಲ ಮೊದಲು ಕಾಡಿನ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬಿದಿರು, ಬೆತ್ತ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿವೆ. ಅವನ್ನು ಸಂಗ್ರಹಿಸುವ, ಮಾರುವ ಹಕ್ಕು ಅಲ್ಲಿ ಬರೆದಿದೆ. ಬಳ್ಳಿ ತರೋಕೆ ಹೆದರಿ ಹೋಗುವ ಸ್ಥಿತಿ ಇದ್ರೆ ಯಾವ ಉದ್ಯಮವೂ ನಡೆಯಲ್ಲ.

ಕೊನೆಗೆ ನಮ್ಮದೇ ತಪ್ಪು. ಏಪ್ರಿಲ್ 14 ಹತ್ತಿರ ಬಂದಾಗ ನಾವೂ "ಅಕ್ಕಾ, ನಾಡಿದ್ದಿಗೆ ಇಪ್ಪತ್ತು ಬುಟ್ಟಿ ಬೇಕು, ರೇಟ್ ನೋಡ್ಕೊಂಡು ಹಾಕಿ" ಅಂದವರೇ. ನಾನೂ ಅಂದಿದ್ದೇನೆ. ಸನ್ಮಾನಕ್ಕೆ ಹಣ್ಣಿನ ಬುಟ್ಟಿ ಬೇಕಾದ್ರೆ ಇನ್ನು ಎರಡು ತಿಂಗಳು ಮೊದಲೇ ಹೇಳೋಣ, ಅರ್ಧ ದುಡ್ಡು ಅಂದೇ ಕೊಡೋಣ, ಚೌಕಾಸಿ ಬೇಡ. ನವೆಂಬರ್ 26ರ ಸಂವಿಧಾನ ದಿನದಿಂದಲೇ ಶುರುಮಾಡೋಣ. ಒಪ್ಪುವ ಸಂಘಟನೆಯವರು ಕೆಳಗೆ ತಿಳಿಸಿ.

ಜೈಭೀಮ್.